ಬಿಳಿ ಬಟ್ಟೆಗೆ ಕೊನೆಯ ನೀರು

ಡೋಗೊನರಿಗೆ ನೀರು ಇರುವುದು ಕುಡಿಯಲಿಕ್ಕೆ, ಅದೂ ಗುಟುಕು ಲೆಕ್ಕದಲ್ಲಿ. ಬಂಡೆಗಳ ಮೇಲೆ ಊರು ಕಟ್ಟಿಕೊಂಡು, ಸೋರೆಬುರುಡೆಯಲ್ಲಿ ನೀರು ಹೊತ್ತು ಈರುಳ್ಳಿ ಮಡಿಗೆ ಹನಿಸಿ ಬೆಳೆದ ಜನ ಅವರು. ನಾವು ಬೋಜೊಗಳು ನದಿಯವರು. ನಮ್ಮ ಮಕ್ಕಳು ನಡೆಯಲು ಕಲಿಯುವ ಮೊದಲೇ ಈಜುತ್ತವೆ. ಹಾಗಾಗಿ ನಮ್ಮ ವಠಾರದ ಡೋಗೊನ ಅಂತಾಂದು ತೆಂಬೆಲಿ ಒಂದು ಬೆಳಗ್ಗೆ ದೊಡ್ಡ ಬಟ್ಟೆಗಂಟನ್ನು ಎದೆಗವಚಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ.

"ಬೋಜೊ, ಬಟ್ಟೆ ಒಗೆಯೋದು ಹೆಂಗೆ ಅಂತ ಸ್ವಲ್ಪ ಹೇಳ್ಕೊಡು," ಅಂದ.

"ಯಾಕೋ ಡೋಗೊನ, ನಿಮ್ಮೂರಲ್ಲಿ ಬಟ್ಟೆ ಕೊಳೆಯಾದ್ರೆ ಏನ್ ಮಾಡ್ತೀರಿ? ಬಂಡೆಗೆ ಉಜ್ಜಿ ಹಾಕ್ಕೊಂಡು ಬಿಡ್ತೀರಾ?"

"ಹೂಂ, ಉಜ್ತೀವಿ. ನಮ್ಮ ಮೈಗೆ ಮೀನಿನ ವಾಸನೆ ಇಲ್ಲ ನೋಡು, ಅದಕ್ಕೆ ಅಷ್ಟು ಸಾಕಾಗತ್ತೆ."

ಅವನ ಜನಕ್ಕೂ ನಮ್ಮ ಜನಕ್ಕೂ ಹಳೆಯ ಆಣೆ ಉಂಟು. ಹಿಂದೆ ಯಾವುದೋ ಬರಗಾಲದಲ್ಲಿ ನಮ್ಮ ಮೂಲಪುರುಷ ತನ್ನ ತೊಡೆ ಕೊಯ್ದು ಹಸಿದ ಡೋಗೊನನಿಗೆ ಉಣಿಸಿದನಂತೆ. ಅಂದಿನಿಂದ ನಾವು ಅವರನ್ನು, ಅವರು ನಮ್ಮನ್ನು ಮನಸಾರೆ ಬೈಯಬಹುದು, ಯಾರೂ ಸಿಟ್ಟಾಗುವ ಹಾಗಿಲ್ಲ. ಆಣೆ ಹಾಕಿ ಕೇಳಿದ್ದನ್ನು ಇಲ್ಲವೆನ್ನುವ ಹಾಗಿಲ್ಲ. ಮದುವೆಯ ಮಾತಂತೂ ಎತ್ತುವ ಹಾಗೇ ಇಲ್ಲ, ಒಬ್ಬರ ಮೈಬಟ್ಟೆ ಇನ್ನೊಬ್ಬರು ಒಗೆಯಬಾರದು. ಇಲ್ಲದಿದ್ದರೆ ಆ ಗಂಟನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ಒಗೆದು ಹಾಕಿಬಿಡುತ್ತಿದ್ದೆ. ಗಂಡಸಿಗೆ ಒಗೆಯಲು ಕಲಿಸುವ ಹೊತ್ತಿನಲ್ಲಿ ಮೂರು ಮನೆಯ ಬಟ್ಟೆ ಒಗೆದು ಮುಗಿಸುವವಳು ನಾನು.

ಅವನ ಹೆಂಡತಿ ಯಾಪಿರೆಗೆ ತುಂಬಿದ ದಿನಗಳು. ಮೊದಲನೆಯ ಬಸಿರು ನಡುವಿನಲ್ಲೇ ಜಾರಿ ಹೋಗಿತ್ತು. ಎರಡನೆಯದು ದಿನ ತುಂಬಿ ಹುಟ್ಟಿತು, ಆದರೆ ಉಸಿರಾಡಲಿಲ್ಲ. ಈ ಸಲ ಹೆರಿಗೆ ಮನೆಯ ದಾದಿ, ಹಾಸಿಗೆ ಬಿಟ್ಟು ಏಳಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. ಯಾಪಿರೆ ಮಾತು ಕೇಳುವ ಹುಡುಗಿ, ಗೋಡೆ ನೋಡಿಕೊಂಡು ಮಲಗಿದ್ದಳು. ಅವಳ ತಾಯಿ ಊರಿಂದ ಬಂದಿದ್ದಳು ನಿಜ, ಆದರೆ ಅಳಿಯನ ಬಟ್ಟೆ ಅತ್ತೆ ಮುಟ್ಟುವುದೆಂದರೆ ಅವರಲ್ಲಿ ತಲೆ ತಗ್ಗಿಸುವಂಥ ಮಾತು. ಕೂಲಿಗೆ ಒಗೆಯುವ ಹೆಂಗಸರು ನಮ್ಮ ಮೊಪ್ತಿ ಪೇಟೆಯಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಹೆರಿಗೆಗೆ ಬೇಕಾದ ಬಿಳಿ ಬಟ್ಟೆಗಳನ್ನು ಗುರುತಿಲ್ಲದ ಕೈಗೆ ಯಾರು ಕೊಡುತ್ತಾರೆ? ಯಾರ ಕಣ್ಣು ಹೇಗೋ. ಎರಡು ಸಲ ಬರಿಗೈಯಲ್ಲಿ ಬಂದವಳು ಹೆದರುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾಗಿ ಸಂತೆಯಲ್ಲಿ ಜಜ್ಜಿ ಒಣಗಿಸಿದ ಈರುಳ್ಳಿ ಉಂಡೆ ಮಾರುವ, ಹುಟ್ಟಿದ ಮೇಲೆ ತನ್ನ ಕರವಸ್ತ್ರವನ್ನೂ ಒಗೆಯದ ಅಂತಾಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ.

ಗಂಟು ಬಿಚ್ಚಿದೆವು. ಹೆರಿಗೆಗೆಂದು ಹರಿದಿಟ್ಟ ಹಳೆಯ ಬಿಳಿ ಬಟ್ಟೆಗಳು, ಅವನ ಒಂದೆರಡು ಅಂಗಿ, ಯಾಪಿರೆ ಉಡುವ ಕಡುನೀಲಿ ಬಟ್ಟೆ, ಮತ್ತೆ ಅವನ ಬಿಳಿಯ ದೊಡ್ಡ ನಿಲುವಂಗಿ. ಮದುವೆಯಲ್ಲಿ ಹೊಲಿಸಿದ್ದು.

"ಇದ್ಯಾಕೆ ತಂದೆ? ಇದು ಕೊಳೆಯಾಗಿಲ್ಲ."

ಅವನು ತಲೆ ಕೆರೆದುಕೊಂಡ. "ಪೆಟ್ಟಿಗೇಲಿ ಇಟ್ಟು ಹಳದಿ ಆಗಿದೆ. ಹೆಸರಿಡೋ ದಿನ ಹಾಕ್ಕೋಬೇಕಲ್ಲ."

ಹುಟ್ಟದ ಮಗುವಿನ ಹೆಸರಿಡುವ ದಿನದ ಬಗ್ಗೆ ಬಾಯಿ ಬಿಟ್ಟು ಹೇಳಬಾರದು. ಅದು ಅವನಿಗೂ ಗೊತ್ತು. ಹೇಳಿದ ಮೇಲೆ ತುಟಿ ಕಚ್ಚಿಕೊಂಡ. ನಾನು ಕೇಳಿಸದವಳ ಹಾಗೆ ಬೋಗುಣಿ ಎಳೆದೆ.

ಅಷ್ಟರಲ್ಲಿ ಅವನು ಎಲ್ಲವನ್ನೂ ಒಟ್ಟಿಗೆ ನೀರಿಗೆ ತುರುಕಲು ಹೋದ. ಕಡುನೀಲಿಯದನ್ನು ಅವನ ಕೈಯಿಂದ ಕಸಿದುಕೊಂಡೆ.

"ಇದನ್ನ ಬಿಳೀದರ ಜೊತೆ ಹಾಕಿದ್ರೆ ನಿನ್ನ ಮಗು ನೀಲಿ ಬಟ್ಟೇಲಿ ಮಲಗಬೇಕಾಗತ್ತೆ. ಬಣ್ಣ ಬಿಡತ್ತೆ ಕಣೋ. ಬೇರೆ ಇಡು, ಕೊನೇಲಿ ಒಗಿ."

"ಬಟ್ಟೆಗೂ ಜಾತಿ ಇದೆಯಾ?"

"ಇದೆ. ನಿನಗಿಂತ ಮೇಲಿನ ಜಾತಿ. ಕೈ ಹಾಕು."

ಬೂದಿ ಸಾಬೂನಿನ ಉಂಡೆ ಕೊಟ್ಟೆ. ಅವನು ಅದನ್ನು ಸಜ್ಜೆ ಮುದ್ದೆ ಮುರಿಯುವ ಹಾಗೆ ಮುರಿದು ನೀರಿಗೆ ಹಾಕಿದ. ಹಾಗಲ್ಲ, ಬಟ್ಟೆಗೆ ಸವರು ಅಂದೆ. ಸವರಿದ. ನೆನೆಯಲು ಬಿಡು ಅಂದೆ. ಬಿಟ್ಟ, ಆದರೆ ಒಲೆಯ ಮೇಲಿನ ಹಾಲು ಕಾಯುವವನ ಹಾಗೆ ಬೋಗುಣಿಯನ್ನೇ ನೋಡುತ್ತ ಕೂತ. ಆಮೇಲೆ ಉಜ್ಜುವುದನ್ನು ತೋರಿಸಿದೆ. ಬಟ್ಟೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಒಂದು ಮಣಿಕಟ್ಟಿನ ಮೇಲೆ ಇನ್ನೊಂದನ್ನು ತಿಕ್ಕಬೇಕು. ಸರಿಯಾಗಿ ತಿಕ್ಕಿದರೆ ಬಟ್ಟೆ ಚುಯ್ ಚುಯ್ ಎಂದು ಸದ್ದು ಮಾಡುತ್ತದೆ. ಗೋಡೆಯಾಚೆ ಕೂತೇ ಯಾವ ಮನೆಯ ಸೊಸೆ ಒಗೆಯಲು ಬಲ್ಲಳು, ಯಾವಳು ಅರಿಯಳು ಎಂದು ನಾವು ಹೇಳಬಲ್ಲೆವು. ಅಂತಾಂದುವಿನ ಬಟ್ಟೆ ತುಟಿ ಪಿಟಕ್ಕೆನ್ನಲಿಲ್ಲ. ಅವನ ಬೆರಳ ಗೆಣ್ಣುಗಳು ಮಾತ್ರ ಕೆಂಪಗಾದವು.

ಗೇಟಿನ ಹತ್ತಿರ ಮೂರು ಚಕ್ರದ ಗಾಡಿ ಓಡಿಸುವ ಸಿದಿಕಿ ನಿಂತು ನೋಡಿದ. "ಅಂತಾಂದು, ಯಾವಾಗ ಮದುವೆ ಆಯ್ತು ನಿಂದು? ಯಜಮಾನರು ಎಲ್ಲಿ?"

"ಒಳಗೆ ಮಲಗಿದ್ದಾರೆ," ಅಂದ ಅಂತಾಂದು, ತಲೆ ಎತ್ತದೆ. "ತುಂಬ ಕೋಪಿಷ್ಠರು. ನೀನು ಹೋಗು."

ಒಳಗಿನಿಂದ ಯಾಪಿರೆ ನಕ್ಕದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ. ಅಂತಾಂದು ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅವನು ಎರಡರಷ್ಟು ಜೋರಾಗಿ ತಿಕ್ಕಿದ.

ಮುಂದಿನದನ್ನೂ ಅವನಿಗೆ ಬಾಯಿಪಾಠ ಮಾಡಿಸಿದೆ. ಸಾಬೂನು ಹೋಗುವ ತನಕ ಜಾಲಾಡಿಸಬೇಕು. ನಿಲುವಂಗಿಯನ್ನು ಹಿಂಡಬಾರದು, ಮಡಿಕೆ ಬಿದ್ದರೆ ಇಸ್ತ್ರಿಗೂ ಬಗ್ಗುವುದಿಲ್ಲ. ಹಾಗೇ ನೀರು ಸೋರಲು ಬಿಡಬೇಕು. ಮತ್ತೆ ಬಿಳಿಯದಕ್ಕೆಲ್ಲ ಕೊನೆಯಲ್ಲಿ ನೀಲಿ ನೀರು.

"ಅದೇನು?"

"ನೀಲಿ ಪುಡಿ ಕಲಸಿದ ನೀರು. ನೋಡೋಕೆ ಕೊಳಕಾಗಿರತ್ತೆ, ಹೆದರಬೇಡ. ಅದರಲ್ಲಿ ಅದ್ದಿ ತೆಗೆದ್ರೆ ಬಟ್ಟೆ ಬೆಳ್ಳಗಾಗತ್ತೆ."

"ಕೊಳಕು ನೀರಲ್ಲಿ ಅದ್ದಿದ್ರೆ ಬೆಳ್ಳಗಾಗತ್ತಾ?"

"ಆಗತ್ತೆ."

"ಬೋಜೊ ಮಾತು ನಂಬೋ ಹಾಗಾಯ್ತಲ್ಲ ನನ್ನ ಹಣೆಬರ."

"ನಂಬು. ನಾನೇ ಕಲಸಿ ಬೋಗುಣೀಲಿ ತಂದಿಡ್ತೀನಿ. ನೀನು ಅದ್ದಿ ತೆಗೆದ್ರೆ ಆಯ್ತು."

ಅಷ್ಟು ಹೇಳಿದ್ದೆ. ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು, ನನ್ನ ಅಣ್ಣನ ದೋಣಿ ದಡಕ್ಕೆ ಬಂದಿದೆ ಎಂದು. ಬಿಸಿಲೇರಿದರೆ ಮೀನು ಕೈಗೆ ಹತ್ತುವುದಿಲ್ಲ. ಸೆರಗು ಬಿಗಿದುಕೊಂಡು ಓಡಿದೆ. ನೀಲಿಯ ನೆನಪು ದಡದಲ್ಲಿ ಮೀನು ಸೀಳುವಾಗ ಬಂತು. ಬಂದರೇನು, ಡೋಗೊನ ಇನ್ನೂ ಜಾಲಾಡಿಸುತ್ತಲೇ ಇರುತ್ತಾನೆ, ಹೋಗಿ ಕಲಸಿಕೊಟ್ಟರಾಯಿತು ಎಂದುಕೊಂಡೆ.

ಮಧ್ಯಾಹ್ನದ ನಮಾಜಿನ ನಂತರ ವಾಪಸು ಬಂದೆ. ಅಂತಾಂದು ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಬಟ್ಟೆಗಳೆಲ್ಲ ಹಗ್ಗದ ಮೇಲಿದ್ದವು. ನಿಲುವಂಗಿ ಎರಡು ತೋಳು ಚಾಚಿಕೊಂಡು ನೀರು ತೊಟ್ಟಿಕ್ಕುತ್ತಿತ್ತು.

"ಬಾ ಬೋಜೊ, ನೋಡು. ನಿಮ್ಮ ಜಾತಿ ಸೊಕ್ಕು ಇವತ್ತಿಗೆ ಮುಗೀತು."

ನೋಡಿದೆ. ಬಿಳಿಯದೆಲ್ಲ ಬೂದುಬೂದಾಗಿತ್ತು. ನೀಲಿಯ ಛಾಯೆ ಇಲ್ಲ, ಹೊಗೆ ಹಿಡಿದ ಪಾತ್ರೆಯ ಬಣ್ಣ. ನಿಲುವಂಗಿಯ ಎದೆಯ ಮೇಲೆ ಮಸಿಯ ಕಲೆ ಅಲ್ಲಲ್ಲಿ ಹರಡಿತ್ತು.

"ಒಣಗಿದ ಮೇಲೆ ಬೆಳ್ಳಗಾಗತ್ತೆ ಅಲ್ವಾ?" ಅಂದ. "ನೀನೇ ಹೇಳಿದೆಯಲ್ಲ, ಕೊಳಕಾಗಿ ಕಾಣತ್ತೆ ಹೆದರಬೇಡ ಅಂತ. ನಾನು ಹೆದರಲಿಲ್ಲ."

"ಯಾವ ನೀರಲ್ಲಿ ಅದ್ದಿದೆ?"

"ನೀನು ಇಟ್ಟು ಹೋದದ್ದರಲ್ಲೇ."

"ನಾನು ಏನೂ ಇಟ್ಟಿಲ್ಲ ಅಂತಾಂದು. ನಾನು ಕಲಸಲೇ ಇಲ್ಲ."

ಅವನು ಜಗಲಿಯ ಕಡೆ ಕೈ ತೋರಿಸಿದ. ಕುಡಿಯುವ ನೀರಿನ ಹಂಡೆಯ ಪಕ್ಕ, ಮುಚ್ಚಳ ತೆಗೆದ ಬಿಳಿ ಬೋಗುಣಿಯೊಂದು ಬೋರಲು ಬಿದ್ದಿತ್ತು. ಅದು ನನ್ನದಲ್ಲ.

ಯಾಪಿರೆಯ ತಾಯಿ ಬರುವಾಗ ಒಂದು ಡಬ್ಬಿ ನೀರು ತಂದಿದ್ದಳು. ಅವರ ಊರಿನ ಹಿರಿಯ ಗುರುಗಳು ಮರದ ಹಲಗೆಯ ಮೇಲೆ ದೇವರ ಮಾತುಗಳನ್ನು ಮಸಿಯಲ್ಲಿ ಬರೆದು, ಆ ಅಕ್ಷರಗಳನ್ನು ತೊಳೆದು ಹಿಡಿದುಕೊಟ್ಟ ನೀರು. ಮೊದಲ ನೋವು ಬಂದ ಕೂಡಲೇ ಅರ್ಧ ಕುಡಿಯಬೇಕು, ಉಳಿದದ್ದನ್ನು ಹೊಟ್ಟೆಗೆ ಸವರಬೇಕು. ಮಲಗುವ ಕೋಣೆಯಲ್ಲಿ ಇಡಬಾರದು. ಅದಕ್ಕಾಗಿ ಆ ಮುದುಕಿ, ಬಂದೂಕಿನವರು ದಾರಿ ಕಟ್ಟಿಕೊಂಡು ಕೂತಿದ್ದರೂ, ಕತ್ತೆಗಾಡಿಯಲ್ಲಿ ಸ್ವಲ್ಪ, ಕಾಲ್ನಡಿಗೆಯಲ್ಲಿ ಬಹಳ, ಹೊಲದ ಬದುಗಳಲ್ಲಿ ಬಂದಿದ್ದಳು. ಡಬ್ಬಿ ದಾರಿಯಲ್ಲಿ ಎಲ್ಲೋ ಬಿರುಕುಬಿಟ್ಟಿತ್ತು. ಆ ದಿನ ಬೆಳಗಿನ ಜಾವ ಅದು ತೊಟ್ಟಿಕ್ಕುವುದನ್ನು ಕಂಡು, ಅವಳು ಬೋಗುಣಿಗೆ ಬಗ್ಗಿಸಿ ಜಗಲಿಯಲ್ಲಿ ಇಟ್ಟಿದ್ದಳು. ಅವರ ಕಟ್ಟಳೆಯಂತೆ, ಅಳಿಯ ಅಂಗಳದಲ್ಲಿ ಇರುವಷ್ಟು ಹೊತ್ತೂ ಅವಳು ಹೊರಗೆ ಬರುವಂತಿಲ್ಲ. ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತ ಒಳಗೇ ಕೂತಿದ್ದಳು.

ನಾನು ಬಾಯಿ ಬಿಡಬೇಕಾಗಲಿಲ್ಲ. ಅವನು ನನ್ನ ಮುಖ ನೋಡಿದ, ಬೋಗುಣಿ ನೋಡಿದ, ನಿಲುವಂಗಿ ನೋಡಿದ. ಅವನಿಗೆ ಹೊಳೆಯಿತು.

"ಉಳಿದದ್ದು?" ಅಂದೆ.

"ಚೆಲ್ಲಿದೆ."

"ಎಲ್ಲಿ?"

ಅವನು ತನ್ನ ಕಾಲ ಬುಡ ನೋಡಿದ. ಚೆಲ್ಲಿದ ನೀರಿನ ಮೇಲೇ ನಿಂತಿದ್ದ. ಪಕ್ಕಕ್ಕೆ ಜಿಗಿದ, ಅಲ್ಲೂ ಒದ್ದೆ ಇತ್ತು, ಮತ್ತೆ ಹಿಂದಕ್ಕೆ ಹೋದ. ಇಷ್ಟುದ್ದದ ಮನುಷ್ಯ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಒಂಟಿಗಾಲಲ್ಲಿ ನಿಂತ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ನಾನು ವರ್ಷಗಟ್ಟಲೆ ಅವನನ್ನು ಆಡಿಕೊಳ್ಳುತ್ತಿದ್ದೆ.

"ಇನ್ನೊಂದು ಸಲ ಬರೆಸಿ ತರೋಣ," ಅಂದ. "ನಾನೇ ಹೋಗ್ತೀನಿ."

"ಯಾವ ದಾರೀಲಿ?"

ಆ ಮುದುಕಿ ಹಾಯ್ದು ಬಂದ ದಾರಿಯಲ್ಲಿ ಗಂಡಸು ಹೋದರೆ ಬಂದೂಕಿನವರು ಬಿಡುವುದಿಲ್ಲ. ಹೋಗಿ ಬರುವಷ್ಟು ದಿನವೂ ಯಾಪಿರೆಯ ಹತ್ತಿರ ಇರಲಿಲ್ಲ. ಮೊಪ್ತಿಯಲ್ಲಿ ಗುರುಗಳಿಗೇನು ಬರವಿಲ್ಲ, ಆದರೆ ಯಾಪಿರೆಗೆ ನಂಬಿಕೆ ಇದ್ದದ್ದು ಆ ಒಬ್ಬರಲ್ಲಿ. ಅವಳನ್ನು ಹೆತ್ತಾಗ ಅವಳ ತಾಯಿ ಕುಡಿದದ್ದೂ ಅವರ ಹಲಗೆಯ ನೀರೇ. ಆ ನೀರು ಬಂದ ಮೇಲೆಯೇ ಹುಡುಗಿ ರಾತ್ರಿ ನಿದ್ದೆ ಮಾಡಲು ಶುರುಮಾಡಿದ್ದಳು. ಅವಳು ಆವತ್ತು ನಕ್ಕದ್ದೂ ಅದೇ ಧೈರ್ಯದ ಮೇಲೆ.

"ಕುಂಬಾ," ಅಂದ ಅಂತಾಂದು. ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅತ್ತೆ ಮುಂದೆ ನಾನು ಬಾಯಿ ಬಿಡೋ ಹಾಗಿಲ್ಲ. ನೀನು ಹೋಗಿ ಹೇಳು. ನಿಮ್ಮಜ್ಜನ ತೊಡೆ ಮೇಲಾಣೆ."

ಆಣೆ ಹಾಕಿದ ಮೇಲೆ ಇಲ್ಲ ಎನ್ನಲಾಗುವುದಿಲ್ಲ. ಹೋದೆ. ಕೋಣೆಯ ಒಳಗೆ ಮಬ್ಬು. ಯಾಪಿರೆ ಮಗ್ಗುಲಾಗಿ ಮಲಗಿದ್ದಳು. ಮುದುಕಿ ಗೋಡೆಗೊರಗಿ ಕೂತು ಸಣ್ಣ ಟೊಪ್ಪಿಗೆಯೊಂದನ್ನು ಹೊಲಿಯಲು ದಾರ ಪೋಣಿಸುತ್ತಿದ್ದಳು. ಕಣ್ಣು ಕಾಣದೆ ದಾರ ಸೂಜಿಯ ಪಕ್ಕಕ್ಕೇ ಹೋಗುತ್ತಿತ್ತು.

"ಬಾ ಬೋಜೊ ಮಗಳೆ," ಅಂದಳು. "ಸ್ವಲ್ಪ ಪೋಣಿಸಿಕೊಡು."

ಪೋಣಿಸಿಕೊಟ್ಟೆ. ಹೇಳಲಾಗಲಿಲ್ಲ. ಜೀವಮಾನದಲ್ಲಿ ನನ್ನ ಬಾಯಿ ಕಟ್ಟಿದ್ದು ಅಂದೇ. ನನ್ನ ಗಂಡ ಇದ್ದಿದ್ದರೆ ಆ ಖುಷಿಗೆ ಊರಿಗೆಲ್ಲ ಹಣ್ಣು ಹಂಚುತ್ತಿದ್ದ. ಏನೇನೋ ಲೆಕ್ಕ ಹಾಕಿದೆ. ಒಲೆಯ ಮಸಿ ಕಲಸಿ ಇಟ್ಟುಬಿಡಲೇ? ಯಾರಿಗೆ ಗೊತ್ತಾಗುತ್ತದೆ? ಆದರೆ ದೇವರ ಮಾತಿನ ಜಾಗದಲ್ಲಿ ಒಲೆಯ ಮಸಿ ಕುಡಿಸಿದ ಕೈಯನ್ನು ಆಮೇಲೆ ಎಲ್ಲಿ ತೊಳೆಯಲಿ?

ನಾನು ಇನ್ನೂ ಹಾಗೇ ಕೂತಿರುವಾಗ ಯಾಪಿರೆ ಹೊದಿಕೆಯನ್ನು ಬಿಗಿಯಾಗಿ ಹಿಡಿದಳು. ಮುಖ ಕಿವುಚಿಕೊಂಡಿತು, ಸಡಿಲವಾಯಿತು.

"ಅಮ್ಮಾ," ಅಂದಳು ಮೆಲ್ಲಗೆ. "ನೀರು ಕೊಡು."

ಮುದುಕಿ ಟೊಪ್ಪಿಗೆ ಕೆಳಗಿಟ್ಟು ಎದ್ದಳು. ನಾನೂ ಎದ್ದು ದಾರಿಗೆ ಅಡ್ಡ ನಿಂತೆ. ನಿಂತು ಏನು ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ. ಆಗ ಬಾಗಿಲಲ್ಲಿ ಕತ್ತಲಾಯಿತು. ಅಂತಾಂದು. ಅತ್ತೆ ಇರುವ ಕೋಣೆಯ ಹೊಸ್ತಿಲಿಗೆ ಅಳಿಯ ಬರಬಾರದು, ಅವಳ ಮುಖ ನೋಡಬಾರದು, ಅವಳೊಡನೆ ನೇರ ಮಾತಾಡಬಾರದು. ಮೂರನ್ನೂ ಒಟ್ಟಿಗೇ ಮಾಡಿದ.

"ಅತ್ತೆ, ಆ ನೀರು ಇಲ್ಲ. ನಾನು ಬಟ್ಟೆ ಅದ್ದಿಬಿಟ್ಟೆ. ನೀಲಿ ಅಂದ್ಕೊಂಡೆ."

ಮುದುಕಿ ಮುಖದ ಮೇಲೆ ಬಟ್ಟೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅಳಿಯನ ಮಾತಿಗೋ ಅವನು ನಿಂತಿದ್ದ ಜಾಗಕ್ಕೋ, ಯಾವುದಕ್ಕೆ ನಾಚಿದಳೋ ಗೊತ್ತಾಗಲಿಲ್ಲ. ಯಾಪಿರೆ ಮಾತ್ರ ಅವನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾನೂ?" ಅಂದಳು.

"ಎಲ್ಲಾನೂ."

"ಯಾವ ಬಟ್ಟೆಗೆ?"

"ನಿನ್ನ ಬಟ್ಟೆಗಳು. ನನ್ನ ನಿಲುವಂಗಿ."

ಅವಳು ಇನ್ನೊಂದು ನೋವು ಕಳೆಯುವ ತನಕ ಕಣ್ಣು ಮುಚ್ಚಿಕೊಂಡಳು. ಆಮೇಲೆ, "ನಿಲುವಂಗಿ ತಗೊಂಬಾ," ಅಂದಳು.

ಅವನು ಓಡಿ ತಂದ. ಇನ್ನೂ ಹಸಿ ಇತ್ತು. ಹಿಂಡಬೇಡ ಎಂದು ನಾನೇ ಹೇಳಿದ್ದೆನಲ್ಲ. ಯಾಪಿರೆ ಅದರ ತೋಳನ್ನು ಮುದ್ದೆ ಮಾಡಿ ಬಾಯಿಗಿಟ್ಟುಕೊಂಡು ಚೀಪಿದಳು. ಹಸಿದ ಮಗು ಚೀಪುವ ಹಾಗೆ, ಕಣ್ಣು ಬಿಗಿದು, ಕೆನ್ನೆ ಒಳಗೆಳೆದುಕೊಂಡು. ಸಾಬೂನಿನ ರುಚಿಗೆ ಓಕರಿಕೆ ಬಂತು, ತಡೆದುಕೊಂಡಳು. ಉಳಿದದ್ದನ್ನು ಹೊಟ್ಟೆಯ ಮೇಲೆ ಹರಡಿಕೊಂಡಳು. ಅಂತಾಂದು ಅದರ ಇನ್ನೊಂದು ತುದಿ ಹಿಡಿದುಕೊಂಡು, ಒಂದು ಹನಿ ನೆಲಕ್ಕೆ ಬಿದ್ದರೂ ಲೋಕ ಮುಳುಗುತ್ತದೆ ಎಂಬಂತೆ ಅಂಗೈ ಒಡ್ಡಿಕೊಂಡು ನಿಂತಿದ್ದ. ನನಗೆ ಅಳು ಬಂತು. ಅಳುತ್ತಲೇ ಹೊರಗೆ ಹೋಗಿ ಸಿದಿಕಿಯ ಗಾಡಿ ತರಿಸಿದೆ.

ಗಾಡಿಗೆ ಹತ್ತಿಸುವಾಗ ನೋಡುತ್ತೇನೆ, ಮುದುಕಿ ಅಂಗಳದಲ್ಲಿ ಮಂಡಿಯೂರಿದ್ದಾಳೆ. ಅವನು ನೀರು ಚೆಲ್ಲಿದ ಜಾಗದ ಮೇಲೆ, ಯಾರೂ ತುಳಿಯದಿರಲಿ ಎಂದು, ನನ್ನ ದೊಡ್ಡ ಬೋಗುಣಿಯನ್ನು ಬೋರಲು ಹಾಕುತ್ತಿದ್ದಳು. ಅದು ಸಾಲದೆ ಇನ್ನೊಂದು ತಂದಳು.

ಹೆರಿಗೆ ಮನೆಯಲ್ಲಿ ದಾದಿ ಯಾಪಿರೆಯನ್ನು ಒಳಗೆ ಕರೆದುಕೊಂಡಳು. ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿಗೊಟ್ಟು ಬಹಳ ಹೊತ್ತು ಕೇಳಿದಳಂತೆ, ಜಾಗ ಬದಲಿಸಿ ಬದಲಿಸಿ. ಆಮೇಲೆ ಹೊರಗೆ ಬಂದು ಒದ್ದೆ ನಿಲುವಂಗಿಯನ್ನು ಅಂತಾಂದುವಿನ ಕೈಗೆ ತುರುಕಿ, "ಯಾರ್ರೀ ಇದನ್ನ ಹೊದಿಸಿದ್ದು, ಚಳಿಗೆ ನಡುಗ್ತಾ ಇದ್ದಾಳೆ," ಎಂದು ಗದರಿದಳು. ಗದರಿಕೆಯಲ್ಲಿ ಜೋರಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದಳು.

"ಮಗು ನಿನ್ನೆಯಿಂದಲೇ ಅಲುಗಾಡಿಲ್ಲ," ಅಂದಳು. "ಅವಳಿಗೂ ಗೊತ್ತಿತ್ತು ಅನ್ಸತ್ತೆ. ನಿದ್ದೆ ಮಾಡ್ತಿದೆ ಅಂದ್ಕೊಂಡೆ ಅಂತಾಳೆ. ಎದೆ ಬಡಿತ ಇಲ್ಲ."

"ನಿನ್ನೆಯಿಂದ್ಲಾ?"

"ನಿನ್ನೆಯಿಂದ. ಇವತ್ತಿಂದಲ್ಲ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಂತಾಂದುವಿನ ಹತ್ತಿರ ಹೋಗಿ ಹೇಳಿದೆ. ನಿನ್ನೆ ಕಣೋ, ನೀನು ಬಟ್ಟೆ ಮುಟ್ಟುವ ಮೊದಲೇ. ನೀನು ನನ್ನ ಬಾಗಿಲಿಗೆ ಬರುವ ಮೊದಲೇ. ಅವನು ತಲೆಯಾಡಿಸಿದ. ಎರಡನೆಯ ಸಲ ಹೇಳಿದೆ. ಎರಡನೆಯ ಸಲವೂ ತಲೆಯಾಡಿಸಿದ. ಒದ್ದೆ ನಿಲುವಂಗಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಇದ್ದ. ನೀರು ಅವನ ಮೊಣಕೈಯಿಂದ ಇಳಿದು ಅಂಗಿಯ ಒಳಗೆ ಹೋಗುತ್ತಿತ್ತು.

"ಇದನ್ನ ಹಿಂಡಲಾ ಬೇಡ್ವಾ ಕುಂಬಾ?" ಎಂದು ಕೇಳಿದ.

ನದಿಯ ಮಗಳು, ನೀರಿನ ವಿಷಯದಲ್ಲಿ ಮೊಪ್ತಿಗೇ ಬುದ್ಧಿ ಹೇಳುವವಳು, ಅದಕ್ಕೆ ಉತ್ತರ ಗೊತ್ತಿಲ್ಲದೆ ಅವನ ಪಕ್ಕ ಕೂತೆ.

ಹುಟ್ಟಿದ್ದು ಗಂಡು. ಯಾಪಿರೆ ನೋಡಿದಳಂತೆ. ಸಂಜೆಯೊಳಗೆ ಗಂಡಸರು ಮಣ್ಣು ಮಾಡಿ ಬಂದರು. ಹೆಸರಿಲ್ಲದ ಕೂಸಿಗೆ ನಮ್ಮಲ್ಲಿ ಸೂತಕವಿಲ್ಲ, ಬಂದು ಕೂತು ಸಮಾಧಾನ ಹೇಳುವ ಕ್ರಮವೂ ಇಲ್ಲ. ಆಗಿಯೇ ಇಲ್ಲ ಎಂಬಂತೆ ಇರಬೇಕು. ಇದನ್ನು ಮಾಡಿಟ್ಟ ಹಿರಿಯರ ಮೇಲೆ ನನಗೆ ಕೆಟ್ಟ ಸಿಟ್ಟಿದೆ, ಯಾರಾದರೂ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅಳಲಿಕ್ಕೆ ಬಾಗಿಲು ಬೇಕಲ್ಲವೇ?

ಯಾಪಿರೆ ಮನೆಗೆ ಬಂದಳು. ಮಾತಿಲ್ಲ. ತಾಯಿ ಕೊಟ್ಟದ್ದನ್ನು ಉಣ್ಣುತ್ತಾಳೆ, ಮಲಗುತ್ತಾಳೆ. ದಾದಿ ಹೇಳಿದ್ದನ್ನು ಅವಳಿಗೂ ಹೇಳಿದೆ, ನಿನ್ನೆಯಿಂದಲೇ ಅಂತ. "ಹೂಂ, ಹಾಗೇ ಇರಬೇಕು," ಅಂದಳು, ನೆರೆಮನೆಯವರ ಸುದ್ದಿಗೆ ಹೇಳುವ ಹಾಗೆ. ಅಂತಾಂದು ಸಂತೆಗೆ ಹೋಗುತ್ತಾನೆ, ಬರುತ್ತಾನೆ. ನಾನು ಅವನನ್ನು ಕಂಡರೆ, "ಬಂದೆಯಾ ಅಂತಾಂದು, ಊಟ ಆಯ್ತಾ ಅಂತಾಂದು" ಎಂದು ಮೆತ್ತಗೆ ಮಾತಾಡಿಸುತ್ತಿದ್ದೆ. ನೊಂದವರ ಹತ್ತಿರ ಹಾಗಲ್ಲದೆ ಇನ್ನು ಹೇಗೆ ಮಾತಾಡುವುದು?

ಒಂದು ಮಧ್ಯಾಹ್ನ ನಾನು ಮೀನಿಗೆ ಹೊಗೆ ಹಾಕುತ್ತಿದ್ದೆ. ಅಂತಾಂದು ಹೆರಿಗೆ ಮನೆಯಿಂದ ಬಂದ ರಕ್ತದ ಬಟ್ಟೆಗಳನ್ನು ತಂದು ಅಂಗಳದಲ್ಲಿ ಕೂತ. ನನ್ನನ್ನು ಏನೂ ಕೇಳಲಿಲ್ಲ. ತಣ್ಣೀರಲ್ಲಿ ನೆನೆಸಿದ, ಸಾಬೂನು ಸವರಿದ. ಸರಿಯಾಗಿಯೇ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ತಲೆ ತಗ್ಗಿಸಿಕೊಂಡೇ, "ಬೋಜೊ," ಅಂದ.

"ಏನು ಅಂತಾಂದು?"

"ನೋಡು, ಮತ್ತೆ ಅಂತಾಂದು ಅಂತೀಯ."

"ಅದು ನಿನ್ನ ಹೆಸರಲ್ವಾ?"

"ಆವತ್ತಿಂದ ನೀನು ನನ್ನನ್ನ ಒಂದು ಸಲಾನೂ ಬೈದಿಲ್ಲ." ಬಟ್ಟೆಯನ್ನು ನೀರಲ್ಲಿ ಮುಳುಗಿಸಿ ಹಿಡಿದುಕೊಂಡ, ಮೇಲಕ್ಕೆ ಬರಲು ಬಿಡಲಿಲ್ಲ. "ಸಂತೇಲಿ ನಿಮ್ಮ ಬೋಜೊ ಹೆಂಗಸರು ಎಲ್ಲಾರೂ ಹಂಗೇ. ನನ್ನ ಕಂಡ್ರೆ ಮೆತ್ತಗೆ ಮಾತಾಡ್ತಾರೆ. ನೀವು ಒಬ್ಬ ಡೋಗೊನನ್ನ ಬೈಯೋದು ಯಾವಾಗ ನಿಲ್ಲಿಸ್ತೀರಿ ಅಂತ ನನಗೆ ಗೊತ್ತಿಲ್ವಾ? ಅವನು ಮನುಷ್ಯರ ಲೆಕ್ಕದಲ್ಲೇ ಇಲ್ಲ ಅಂತಾದಾಗ. ನೀನು ನಿನ್ನೆಯಿಂದಲೇ ನಿನ್ನೆಯಿಂದಲೇ ಅಂತ ಬಾಯಲ್ಲಿ ಹೇಳ್ತೀಯ. ಆದ್ರೆ ಬೈಯಲ್ಲ. ನೀನೂ ಬೈಯದೇ ಇದ್ರೆ, ನಾನೇ ಕೊಂದೆ ಅಂತ ಆಯ್ತಲ್ಲ ಕುಂಬಾ."

ನನ್ನ ಕೈಯಲ್ಲಿದ್ದ ಮೀನು ಒಲೆಗೆ ಬಿತ್ತು. ಮರುಕ ತೋರಿಸುತ್ತಿದ್ದೇನೆ ಎಂದುಕೊಂಡು ಇಷ್ಟು ದಿನ ನಾನು ಈ ಮನುಷ್ಯನ ತಲೆಯ ಮೇಲೆ ಕಲ್ಲು ಹೇರುತ್ತಿದ್ದೆನಲ್ಲ ಎನ್ನಿಸಿತು. ಬಾಯಿ ತೆರೆದೆ. ಸಾವಿರ ಬೈಗುಳ ಬಲ್ಲವಳಿಗೆ ಒಂದೂ ಸಿಗಲಿಲ್ಲ.

"ಲೋ ಡೋಗೊನ," ಅಂದೆ. "ಈರುಳ್ಳಿ ತಲೆಯವನೆ."

ಅವನು ಕಾಯುತ್ತಿದ್ದ.

"ನಮ್ಮಜ್ಜನ ತೊಡೆ ತಿಂದವನೆ. ಕಲ್ಲಿಗೆ ಹುಟ್ಟಿದವನೆ. ನೀರು ಕಂಡ್ರೆ ಮೇಕೆ ಹಂಗೆ ಬಾಯಿ ಬಿಡೋನೆ."

"ಇನ್ನೂ," ಅಂದ ಅವನು. ಕಣ್ಣೀರು ಮೂಗಿನ ತುದಿಯಿಂದ ಬೋಗುಣಿಗೆ ಬೀಳುತ್ತಿತ್ತು. "ಇನ್ನೂ ಬೈಯಿ."

ಇನ್ನು ಉಳಿದಿದ್ದದ್ದು ಆ ಒಂದೇ ಮಾತು. ಅದು ಇಬ್ಬರಿಗೂ ಗೊತ್ತಿತ್ತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹೇಳಲು ನನ್ನಿಂದಾಗಲಿಲ್ಲ. ಆಗ ಒಳಗಿನಿಂದ, ಎಷ್ಟೋ ದಿನದ ಮೇಲೆ ಬಾಯಿ ತೆರೆದ ಒಡಕು ದನಿಯಲ್ಲಿ ಯಾಪಿರೆ ಹೇಳಿದಳು:

"ದೇವರ ನೀರಲ್ಲಿ ಅಂಗಿ ಒಗೆದವನೆ ಅನ್ನು ಕುಂಬಾ. ನನ್ನ ಪಾಲಿಂದೂ ನೀನೇ ಬೈಯಿ. ನಾನು ಅವನ ಹೆಂಡತಿ, ನನಗೆ ಆ ಹಕ್ಕು ಕೊಟ್ಟಿಲ್ಲ."

ಒಲೆಯ ಮುಂದಿನಿಂದ ಎದ್ದೆ. ಅವನೆದುರು ಬಂದು ನಿಂತೆ. ಅವಳು ಒಳಗಿನಿಂದ ಒಂದೊಂದಾಗಿ ಹೇಳಿಕೊಟ್ಟಳು, ನಾನು ಒಂದೊಂದಾಗಿ ಬೈದೆ. ಅವನು ಎಲ್ಲದಕ್ಕೂ ತಲೆಯಾಡಿಸುತ್ತ ಒಗೆಯುತ್ತಿದ್ದ.